ಬೇಸ್‌ಬಾಲ್ ಆಟಗಾರ ನೆಲ್ಸನ್ ಬೆಲ್ ಆಟ ಬಿಟ್ಟು ಚೀನಾಕ್ಕೆ ಹೋಗಿದ್ದೇಕೆ?

ಅವರ ಮನಸ್ಸು ಮಿಷನ್ ವೈದ್ಯನಾಗುವ ಕಡೆ, ಅಂದರೆ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ವೈದ್ಯನಾಗುವ ಕಡೆ ತಿರುಗಿತ್ತು, ಅದಕ್ಕೇ. ಅಮೆರಿಕದ ವರ್ಜೀನಿಯಾದಲ್ಲಿ ಕಾಲೇಜು ಓದುವಾಗ ಬೆಲ್ ಒಳ್ಳೆಯ ಬೇಸ್‌ಬಾಲ್ ಆಟಗಾರ. ದುಡ್ಡು ಕೊಟ್ಟು ಆಡಿಸುವ ತಂಡದ ಜೊತೆ ಒಪ್ಪಂದವೂ ಆಗಿತ್ತು. ಆದರೂ ವೈದ್ಯಕೀಯ ಓದು ಮುಗಿಸಿ, 1916ರಲ್ಲಿ ಹೆಂಡತಿಯ ಜೊತೆ ಚೀನಾಕ್ಕೆ ಹೊರಟರು. ಆಗ ವಯಸ್ಸು ಬರೀ 22.

ಅವರು ಸೇರಿದ್ದು ಜಿಯಾಂಗ್‌ಸು ಪ್ರಾಂತ್ಯದ ಚಿಂಗ್‌ಜಿಯಾಂಗ್‌ಪು ಊರಿನ ಪ್ರೆಸ್‌ಬಿಟೇರಿಯನ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಮಿಷನ್ ಆಸ್ಪತ್ರೆಗೆ.

ಅಲ್ಲಿ ವೈದ್ಯರೇ ಯಾಕೆ ಬೇಕಿತ್ತು ಅಂತ ತಿಳಿಯಲು ಒಂದು ಕಾಯಿಲೆ ನೋಡಿದರೆ ಸಾಕು: ಕಾಲಾ ಅಜಾರ್. ನಮ್ಮ ಬಿಹಾರ, ಬಂಗಾಳವನ್ನು ಕಾಡಿದ್ದೂ ಇದೇ. ಮರಳು ನೊಣ ಕಚ್ಚಿದಾಗ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಮೈ ಸೇರುತ್ತದೆ. ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ, ಜ್ವರ ಬಿಡುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವರು ಉಳಿಯುವುದಿಲ್ಲ. ಆಂಟಿಮನಿ ಎಂಬ ಲೋಹದ ಅಂಶವಿರುವ ಇಂಜೆಕ್ಷನ್ ಆಗಿನ ಮದ್ದು. ಅದನ್ನು ಒಂದು ಸಲ ಚುಚ್ಚಿದರೆ ಮುಗಿಯಲಿಲ್ಲ, ಮತ್ತೆ ಮತ್ತೆ ಕೊಡಬೇಕು. ಹಾಗಾಗಿ ಸುಮ್ನೆ ಬಂದು ಹೋಗುವ ವೈದ್ಯರಿಂದ ಪ್ರಯೋಜನವಿಲ್ಲ, ಅಲ್ಲೇ ನೆಲೆಸಿದ ಆಸ್ಪತ್ರೆ, ವರ್ಷಗಟ್ಟಲೆ ಉಳಿಯುವ ವೈದ್ಯರು ಬೇಕು.

ಬೆಲ್ ಹಾಗೇ ಉಳಿದರು. ಶಸ್ತ್ರಚಿಕಿತ್ಸೆ ಮಾಡಿದರು, ಆಸ್ಪತ್ರೆ ನಡೆಸಿದರು. ಜಪಾನ್ ಸೇನೆ ನುಗ್ಗಿದ ಮೇಲೂ ತಕ್ಷಣ ಹೊರಡಲಿಲ್ಲ. ನನಗೆ ಅವರ ಬಗ್ಗೆ ಜಾಸ್ತಿ ಗೌರವ ಬಂದದ್ದು ಇದರಿಂದಲೇ. 1941ರಲ್ಲಿ ಅಮೆರಿಕಕ್ಕೆ ಮರಳಿದರು. ಚೀನಾದಲ್ಲೇ ಹುಟ್ಟಿದ ಮಗಳು ರೂತ್ ಮುಂದೆ ಪ್ರಸಿದ್ಧ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರನ್ನು ಮದುವೆಯಾದರು.