ಒಂದೇ ಟಾಮ್‌ಕ್ಯಾಟ್‌ನಲ್ಲಿರೋ ಎರಡು ವೆಬ್ ಸರ್ವೀಸ್‌ಗಳು ಮೆಮೊರಿಯಲ್ಲಿರೋ ಕ್ಯಾಶ್ ಹಂಚಿಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಒಂದೇ ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಆ್ಯಪ್‌ಗಳನ್ನು ನಡೆಸೋ ಸರ್ವರ್) ಎರಡು ವಾರ್ ಫೈಲ್‌ಗಳಿವೆ, ಅಂದರೆ ಒಂದೊಂದು ಸರ್ವೀಸ್‌ಗೆ ಒಂದೊಂದು ಪ್ಯಾಕೇಜ್. ಡೇಟಾಬೇಸ್‌ನಿಂದ ದರಗಳ ಪಟ್ಟಿ ಓದಿ ಸ್ಟ್ಯಾಟಿಕ್ ಕಾನ್ಕರೆಂಟ್‌ಹ್ಯಾಶ್‌ಮ್ಯಾಪ್‌ನಲ್ಲಿ (ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಬಹುದಾದ ಮ್ಯಾಪ್) ಇಟ್ಟುಕೊಳ್ಳೋ ರೇಟ್‌ಕ್ಯಾಶ್ ಅನ್ನೋ ಕ್ಲಾಸ್ ಇರುವ ಜಾರ್ (ಜಾವಾ ಲೈಬ್ರರಿ ಫೈಲ್) ಎರಡರಲ್ಲೂ ಇದೆ. ಮೊದಲ ಸರ್ವೀಸ್ ದರ ಬದಲಿಸಿದರೂ ಎರಡನೆಯದು ಹಳೇ ದರವನ್ನೇ ಕೊಡ್ತಿದೆ. ಜೆವಿಎಂ (ಜಾವಾ ಕೋಡ್ ನಡೆಸೋ ಪ್ರೊಸೆಸ್) ಒಂದೇ ಇರುವಾಗ ಸ್ಟ್ಯಾಟಿಕ್ ವೇರಿಯೇಬಲ್ಲೂ ಒಂದೇ ಇರಬೇಕಲ್ವಾ ಅಂತ ಕೇಳಿದ್ದೀರಿ.

ಇರಬೇಕಾಗಿಲ್ಲ. ಸ್ಟ್ಯಾಟಿಕ್ ಅಂದರೆ ಒಂದು ಕ್ಲಾಸ್‌ಲೋಡರ್‌ಗೆ (ಕ್ಲಾಸ್‌ಗಳನ್ನು ಹುಡುಕಿ ಮೆಮೊರಿಗೆ ತರೋ ಭಾಗ) ಒಂದು. ಟಾಮ್‌ಕ್ಯಾಟ್ ಪ್ರತಿ ವೆಬ್ ಆ್ಯಪ್‌ಗೂ ಬೇರೆ ಕ್ಲಾಸ್‌ಲೋಡರ್ ಕೊಡುತ್ತೆ. ಹಾಗಾಗಿ ನಿಮ್ಮ ರೇಟ್‌ಕ್ಯಾಶ್ ಎರಡು ಸಲ ಲೋಡ್ ಆಗಿದೆ, ಮ್ಯಾಪ್‌ಗಳೂ ಎರಡಿವೆ. ನಂಬಿಕೆ ಬರದಿದ್ದರೆ ಎರಡೂ ಸರ್ವೀಸ್‌ಗಳಲ್ಲಿ ರೇಟ್‌ಕ್ಯಾಶ್‌ನ ಕ್ಲಾಸ್‌ಲೋಡರ್ ಅನ್ನು ಲಾಗ್‌ಗೆ ಬರೆಸಿ ನೋಡಿ. 'ಪ್ಯಾರಲಲ್‌ವೆಬ್‌ಆ್ಯಪ್‌ಕ್ಲಾಸ್‌ಲೋಡರ್' ಅನ್ನೋ ಸಾಲಿನ ಕೆಳಗೆ 'ಕಾಂಟೆಕ್ಸ್ಟ್' ಅಂತ ಇರೋ ಕಡೆ ಎರಡು ಬೇರೆ ಆ್ಯಪ್‌ಗಳ ಹೆಸರು ಕಾಣಿಸುತ್ತೆ.

ಪರಿಹಾರ: ಆ ಜಾರ್ ಅನ್ನು ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರ್‌ಗೆ ಹಾಕಿ, ಎರಡೂ ವಾರ್‌ಗಳ ವೆಬ್-ಇನ್ಫ್ ಒಳಗಿನ ಲಿಬ್‌ನಿಂದ ಕಡ್ಡಾಯವಾಗಿ ತೆಗೆಯಿರಿ. ಬಹಳ ಜನ ಮೊದಲನೆಯದು ಮಾಡಿ ಎರಡನೆಯದು ಬಿಡ್ತಾರೆ, ಆಮೇಲೆ ಏನೂ ಬದಲಾಗಲಿಲ್ಲ ಅಂತಾರೆ. ವೆಬ್ ಆ್ಯಪ್‌ನ ಲೋಡರ್ ಮೊದಲು ತನ್ನ ಮನೆಯಲ್ಲೇ ಹುಡುಕುತ್ತೆ, ಅಲ್ಲಿ ಸಿಗದಿದ್ದರೆ ಮಾತ್ರ ಮೇಲಿನ ಲೋಡರ್‌ಗೆ ಹೋಗುತ್ತೆ. ಮೇವನ್ (ಬಿಲ್ಡ್ ಟೂಲ್) ಬಳಸ್ತಿದ್ದರೆ ಆ ಜಾರ್‌ನ ಸ್ಕೋಪ್ ಅನ್ನು 'ಪ್ರೊವೈಡೆಡ್' ಮಾಡಿದರೆ ಸಾಕು. ಆ ಜಾರ್‌ಗೆ ಬೇಕಾದ ಬೇರೆ ಜಾರ್‌ಗಳೂ ಅದೇ ಲಿಬ್‌ಗೆ ಬರಬೇಕು, ಟಾಮ್‌ಕ್ಯಾಟ್ ರೀಸ್ಟಾರ್ಟ್ ಆಗಬೇಕು. ಜೆಎನ್‌ಡಿಐ (ಸರ್ವರ್‌ನಲ್ಲಿಟ್ಟ ಆಬ್ಜೆಕ್ಟನ್ನು ಹೆಸರಿನಿಂದ ಹುಡುಕೋ ವ್ಯವಸ್ಥೆ) ಮೂಲಕ ಹಂಚಿ ಅಂತ ಕೆಲವರು ಹೇಳಬಹುದು, ಆದರೆ ಅಲ್ಲೂ ಕ್ಲಾಸ್ ಇದೇ ಲಿಬ್‌ನಲ್ಲಿರಬೇಕು. ಶ್ರಮ ಉಳಿಯಲ್ಲ.

ಇನ್ನು ಹುಷಾರಾಗಿರಬೇಕಾದ ವಿಷಯ: ಕ್ಯಾಶ್ ಒಳಗೆ ಏನು ಇಡ್ತೀರಿ? ಸ್ಟ್ರಿಂಗ್, ಬಿಗ್‌ಡೆಸಿಮಲ್ ಥರದ ಜಾವಾದ ಸ್ವಂತ ಟೈಪ್‌ಗಳು, ಇಲ್ಲವೇ ಅದೇ ಹಂಚಿಕೆಯ ಜಾರ್‌ನಲ್ಲಿರೋ ಕ್ಲಾಸ್‌ಗಳು, ಇಷ್ಟೇ. ವಾರ್ ಒಳಗಿರೋ ಕ್ಲಾಸ್‌ನ ಆಬ್ಜೆಕ್ಟ್ ಒಂದನ್ನು ಅಲ್ಲಿಟ್ಟರೆ ಎರಡನೇ ಸರ್ವೀಸ್ ಅದನ್ನು ಓದುವಾಗ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ ಬರುತ್ತೆ. 'ರೇಟ್ ಅನ್ನು ರೇಟ್ ಆಗಿ ಕಾಸ್ಟ್ ಮಾಡಲಾಗದು' ಅನ್ನೋ ಅರ್ಥದ ಆ ಮೆಸೇಜ್ ಮೊದಲ ಸಲ ನೋಡಿದವರು ತಲೆ ಕೆರೆದುಕೊಳ್ಳೋದು ಸಹಜ. ಅದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಆಗುತ್ತೆ: ಆ ವಾರ್ ಅನ್ನು ರೀಡಿಪ್ಲಾಯ್ ಮಾಡಿದಾಗ (ಸರ್ವರ್ ನಿಲ್ಲಿಸದೆ ಹೊಸದಾಗಿ ಹಾಕಿದಾಗ) ಕ್ಯಾಶ್‌ನಲ್ಲಿ ಉಳಿದ ಆಬ್ಜೆಕ್ಟ್ ತನ್ನ ಕ್ಲಾಸನ್ನು, ಆ ಕ್ಲಾಸ್ ಹಳೇ ಕ್ಲಾಸ್‌ಲೋಡರನ್ನು ಹಿಡಿದುಕೊಂಡೇ ಇರುತ್ತೆ. ಹೀಗೆ ರೀಡಿಪ್ಲಾಯ್ ಮಾಡ್ತಾ ಹೋದರೆ ಮೆಟಾಸ್ಪೇಸ್ (ಜೆವಿಎಂ ಕ್ಲಾಸ್‌ಗಳ ಮಾಹಿತಿ ಇಡೋ ಮೆಮೊರಿ) ತುಂಬುತ್ತೆ. ಕ್ಯಾಶ್ ರಿಫ್ರೆಶ್ ಮಾಡೋ ಥ್ರೆಡ್‌ನದ್ದೂ ಇದೇ ಕಥೆ. ಅದನ್ನು ಯಾವ ಆ್ಯಪ್‌ನ ರಿಕ್ವೆಸ್ಟ್ ಶುರು ಮಾಡಿತೋ ಆ ಆ್ಯಪ್‌ನ ಕ್ಲಾಸ್‌ಲೋಡರ್ ಥ್ರೆಡ್‌ಗೆ ಅಂಟಿಕೊಳ್ಳುತ್ತೆ. ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಒಂದು ಲೈಫ್‌ಸೈಕಲ್ ಲಿಸನರ್ (ಟಾಮ್‌ಕ್ಯಾಟ್ ಶುರುವಾದಾಗ, ನಿಂತಾಗ ಓಡೋ ಕೋಡ್) ಹಾಕಿ ಅಲ್ಲಿಂದ ಶುರು ಮಾಡೋದು ಒಳ್ಳೇದು.

ಕಾನ್ಕರೆಂಟ್‌ಹ್ಯಾಶ್‌ಮ್ಯಾಪ್ ಇದೆಯಲ್ಲ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ. ಒಂದೊಂದು ಪುಟ್, ಒಂದೊಂದು ಗೆಟ್ ಸುರಕ್ಷಿತ, ನಿಜ. ಆದರೆ ರಿಫ್ರೆಶ್ ಮಾಡುವಾಗ ಮೊದಲು ಕ್ಲಿಯರ್, ಆಮೇಲೆ ಪುಟ್‌ಆಲ್ ಅಂತ ಬರೆದರೆ ನಡುವೆ ಬಂದ ರಿಕ್ವೆಸ್ಟ್‌ಗೆ ಖಾಲಿ ಇಲ್ಲವೇ ಅರ್ಧ ತುಂಬಿದ ಪಟ್ಟಿ ಸಿಗುತ್ತೆ. ಹೊಸ ಮ್ಯಾಪ್ ಅನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ, ವೊಲಟೈಲ್ ರೆಫರೆನ್ಸ್ (ಬದಲಾದ ಕೂಡಲೇ ಎಲ್ಲ ಥ್ರೆಡ್‌ಗಳಿಗೂ ಕಾಣೋ ವೇರಿಯೇಬಲ್) ಒಂದನ್ನು ಅದಕ್ಕೆ ತಿರುಗಿಸಿಬಿಡಿ. ಓದುವವರಿಗೆ ಸಿಕ್ಕರೆ ಹಳೇದು ಪೂರ್ತಿ, ಇಲ್ಲ ಹೊಸದು ಪೂರ್ತಿ.

ವೈಲ್ಡ್‌ಫ್ಲೈ ಥರದ ಪೂರ್ಣ ಜಾವಾ ಇಇ (ಈಗಿನ ಹೆಸರು ಜಕಾರ್ತಾ ಇಇ) ಸರ್ವರ್ ಆಗಿದ್ದರೆ ಎರಡೂ ವಾರ್‌ಗಳನ್ನು ಒಂದು ಈಯರ್ ಫೈಲ್‌ಗೆ (ಹಲವು ವಾರ್, ಜಾರ್‌ಗಳನ್ನು ಒಟ್ಟಿಗೆ ಕಟ್ಟೋ ಪ್ಯಾಕೇಜ್) ಸೇರಿಸಿ, ಹಂಚಿಕೆಯ ಜಾರ್ ಅನ್ನು ಈಯರ್‌ನ ಲಿಬ್‌ನಲ್ಲಿಟ್ಟರೆ ಆಯ್ತು. ಸಿಂಗಲ್‌ಟನ್ ಇಜೆಬಿ (ಸರ್ವರೇ ನಿರ್ವಹಿಸೋ, ಆ್ಯಪ್‌ಗೆ ಒಂದೇ ಇರೋ ಆಬ್ಜೆಕ್ಟ್) ಬಳಸೋದಾದರೆ ಅದರ ಮೆಥಡ್‌ಗಳು ತಾವಾಗೇ ರೈಟ್ ಲಾಕ್ ಹಿಡಿಯುತ್ತವೆ. ಓದೋ ಮೆಥಡ್‌ಗಳಿಗೆ ರೀಡ್ ಲಾಕ್ ಅಂತ ಬರೆಯದಿದ್ದರೆ ಎಲ್ಲ ರಿಕ್ವೆಸ್ಟ್‌ಗಳೂ ಕ್ಯೂ ನಿಲ್ಲುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಜಾಗದಲ್ಲಿದ್ದರೆ ನಾನು ಹಂಚಿಕೊಳ್ಳೋಕೇ ಹೋಗ್ತಿರಲಿಲ್ಲ. ದರಗಳ ಪಟ್ಟಿ ಕೆಲವು ಸಾವಿರ ಸಾಲು ಇದ್ದರೆ ಎರಡು ಕಾಪಿ ಇದ್ದರೂ ಮೆಮೊರಿಗೆ ಅದು ಲೆಕ್ಕಕ್ಕೇ ಇಲ್ಲ. ಹಂಚಿಕೊಂಡರೆ ಮಾತ್ರ ಎರಡು ಸರ್ವೀಸ್‌ಗಳ ಕಾಲು ಕಟ್ಟಿಹಾಕಿದ ಹಾಗೆ: ಆ ಜಾರ್ ಬದಲಾದಾಗಲೆಲ್ಲ ಎರಡೂ ನಿಲ್ಲಬೇಕು, ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚೋದು) ಹಿಂದೆ ಇನ್ನೊಂದು ಸರ್ವರ್ ಬಂದ ದಿನ ಇಡೀ ಉಪಾಯ ಕೈಕೊಡುತ್ತೆ. ಯಾಕಂದರೆ ಎರಡು ಜೆವಿಎಂಗಳ ನಡುವೆ ಹೀಪ್ (ಆಬ್ಜೆಕ್ಟ್‌ಗಳಿರೋ ಮೆಮೊರಿ) ಹಂಚೋಕಾಗಲ್ಲ. ಬದಲಿಗೆ ಟೇಬಲ್‌ನಲ್ಲಿ ಒಂದು ವರ್ಷನ್ ನಂಬರ್ ಇಟ್ಟು, ಪ್ರತಿ ಸರ್ವೀಸೂ 30 ಸೆಕೆಂಡಿಗೊಮ್ಮೆ ಅದನ್ನಷ್ಟೇ ನೋಡಲಿ, ಬದಲಾಗಿದ್ದರೆ ಮಾತ್ರ ಪಟ್ಟಿಯನ್ನು ಮತ್ತೆ ಓದಲಿ.

ಆ 30 ಸೆಕೆಂಡ್ ತಡವನ್ನೂ ಒಪ್ಪೋಕಾಗಲ್ಲ, ಅಥವಾ ಡೇಟಾ ಗಿಗಾಬೈಟ್‌ಗಳಷ್ಟಿದೆ, ಅಥವಾ ಎಲ್ಲರೂ ಕೂಡಿ ಏರಿಸೋ ಕೌಂಟರ್ ಥರದ್ದು ಅಂತಾದರೆ ಹಲವು ಸರ್ವರ್‌ಗಳು ಹಂಚಿಕೊಳ್ಳಬಹುದಾದ ರೆಡಿಸ್ ಇಲ್ಲವೇ ಹೇಝಲ್‌ಕಾಸ್ಟ್ ಥರದ ಕ್ಯಾಶ್ ಕಡೆ ನೋಡಿ. ಆಗ ಪ್ರತಿ ಓದಿಗೂ ನೆಟ್‌ವರ್ಕ್ ಮತ್ತು ಸೀರಿಯಲೈಸೇಶನ್ ಖರ್ಚು ಸೇರಬಹುದು. ಅದು ಬೇಡ ಅಂತ ಕಾಪಿಗಳನ್ನು ಸ್ಥಳೀಯವಾಗೇ ಇಟ್ಟು, 'ಬದಲಾಗಿದೆ' ಅನ್ನೋ ಸುದ್ದಿಯನ್ನು ಮಾತ್ರ ರೆಡಿಸ್ ಪಬ್-ಸಬ್‌ನಲ್ಲಿ (ಚಂದಾದಾರರಿಗೆಲ್ಲ ಮೆಸೇಜ್ ಹಂಚೋ ವ್ಯವಸ್ಥೆ) ಕಳಿಸೋದಾದರೆ ಒಂದು ನೆನಪಿರಲಿ: ಆ ಹೊತ್ತಿಗೆ ಕನೆಕ್ಷನ್ ಕಡಿದಿದ್ದ ಸರ್ವೀಸ್‌ಗೆ ಆ ಮೆಸೇಜ್ ಮತ್ತೆ ಬರಲ್ಲ. ಅದಕ್ಕೇ ವರ್ಷನ್ ನೋಡೋ ಕೆಲಸವನ್ನು ಆಗಲೂ ತೆಗೆಯಬೇಡಿ, ಐದು ನಿಮಿಷಕ್ಕೊಮ್ಮೆ ಆದರೂ ನಡೀತಿರಲಿ.