ಬಿ.ಎಸ್ಸಿ. ನರ್ಸಿಂಗ್ ಮುಗಿದ ಮೇಲೆ ಎಂ.ಎಸ್ಸಿ. ಮಾಡಲೇ, ಸರ್ಕಾರಿ ಕೆಲಸಕ್ಕೆ ಓದಲೇ, ವಿದೇಶಕ್ಕೆ ಹೋಗಲೇ?

ದಾವಣಗೆರೆಯಲ್ಲಿ ಕೊನೆಯ ವರ್ಷದಲ್ಲಿದ್ದೀರಿ, ಗೆಳತಿಯರೆಲ್ಲ ಜರ್ಮನಿ ಅನ್ನುತ್ತಾರೆ, ಮನೆಯವರು ಎಂ.ಎಸ್ಸಿ. ಮಾಡಿ ಕಾಲೇಜಲ್ಲಿ ಪಾಠ ಮಾಡು ಅನ್ನುತ್ತಾರೆ ಎಂದಿದ್ದೀರಿ. ಮನೆಯವರಿಗೆ ಮೊದಲು ಇದನ್ನು ಹೇಳಿ: ಪದವಿ ಮುಗಿದ ತಕ್ಷಣ ಎಂ.ಎಸ್ಸಿ.ಗೆ ಸೇರಲು ಬರುವುದಿಲ್ಲ. ಶೇ. 55 ಅಂಕ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್, ಜೊತೆಗೆ ಒಂದು ವರ್ಷ ಕೆಲಸದ ಅನುಭವ ಬೇಕು. ಹೇಗೂ ವಾರ್ಡಿಗೆ ಇಳಿಯಲೇಬೇಕು, ಹಾಗಾಗಿ ಯಾವ ವಾರ್ಡು ಎಂಬುದನ್ನು ಈಗಲೇ ಯೋಚಿಸಿ.

ಐಸಿಯು, ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಈ ನಾಲ್ಕರಲ್ಲಿ ಒಂದನ್ನು ಹಿಡಿದು ಎರಡು ವರ್ಷ ಅಲ್ಲೇ ನಿಲ್ಲಿ. ಸಂಬಳ ಒಂದೆರಡು ಸಾವಿರ ಜಾಸ್ತಿ ಸಿಗುತ್ತದೆಂದು ಒಪಿಡಿಗೋ ಇನ್ಶೂರೆನ್ಸ್ ಡೆಸ್ಕಿಗೋ ಹೋದವರಿಗೆ ಮುಂದೆ ಗಲ್ಫ್ ಇಂಟರ್‌ವ್ಯೂನಲ್ಲಿ ವೆಂಟಿಲೇಟರ್ ಬಗ್ಗೆ ಕೇಳಿದಾಗ ಬಾಯಿ ಕಟ್ಟುತ್ತದೆ. ಸೇರುವಾಗ ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಗೆ ಒಪ್ಪಿಸಬೇಡಿ, ಜೆರಾಕ್ಸ್ ಸಾಕು.

ಸರ್ಕಾರಿ ಕೆಲಸವೇ ಗುರಿಯಾದರೆ ನಾರ್ಸೆಟ್ ಮೊದಲು, ಅಂದರೆ ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ಪರೀಕ್ಷೆ. ಬಿ.ಎಸ್ಸಿ.ಯವರಿಗೆ ಅನುಭವದ ಷರತ್ತಿಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಮೂಲ ವೇತನ 44,900 ರೂಪಾಯಿ. ಪ್ರಿಲಿಮ್ಸ್ ಬರೀ ಅರ್ಹತೆಗೆ, ರ‍್ಯಾಂಕ್ ಬರುವುದು ಮೇನ್ಸ್‌ನಿಂದ. ತಪ್ಪು ಉತ್ತರಕ್ಕೆ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ, ಹಾಗಾಗಿ ಕತ್ತಲಲ್ಲಿ ಕಲ್ಲು ಹೊಡೆಯುವ ಆಟ ಇಲ್ಲಿ ನಡೆಯದು. ಕರ್ನಾಟಕದಲ್ಲಿ ಇನ್ನೂ ಏಮ್ಸ್ ಇಲ್ಲ (ರಾಯಚೂರಿನವರು ಕೇಳುತ್ತಲೇ ಇದ್ದಾರೆ), ಆದ್ದರಿಂದ ಮಂಗಳಗಿರಿಯೋ ಭುವನೇಶ್ವರವೋ, ಹೊರಡಲು ಮನಸ್ಸು ಗಟ್ಟಿ ಇರಲಿ.

ಲೆಕ್ಕ ಎಲ್ಲ ಪರೀಕ್ಷೆಯಲ್ಲೂ ಬರುತ್ತದೆ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ ಒಂದು ಎಂಎಲ್‌ಗೆ 20 ಹನಿಯದು ಅಂದರೆ 500 ಗುಣಿಸು 20, ಭಾಗಿಸು 240 ನಿಮಿಷ: ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷಕ್ಕೆ ತಿರುಗಿಸುವುದು ಮರೆತೇ ಹೆಚ್ಚಿನವರು ತಪ್ಪುತ್ತಾರೆ.

ವಿದೇಶದ ವಿಷಯದಲ್ಲಿ ತಡೆಯುವುದು ಭಾಷೆ. ಜರ್ಮನಿಗೆ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ (ಕೆಲಸದಲ್ಲಿ ಸರಾಗವಾಗಿ ಮಾತಾಡುವಷ್ಟು) ಬೇಕು. ಡ್ಯೂಟಿ ಮಾಡುತ್ತಾ ಕಲಿಯಲು ಒಂದು ವರ್ಷಕ್ಕಿಂತ ಕಡಿಮೆ ಹಿಡಿಯಬೇಡಿ, ಮೂರು ತಿಂಗಳಲ್ಲಿ ಆಗುತ್ತದೆ ಎನ್ನುವ ಏಜೆಂಟರನ್ನು ಬಿಟ್ಟುಬಿಡಿ. ಬ್ರಿಟನ್ನಿಗೆ ಒಇಟಿಯಲ್ಲಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಬರವಣಿಗೆಗೆ ಸಿ ಪ್ಲಸ್, ಓದು, ಕೇಳುವಿಕೆ, ಮಾತು ಈ ಮೂರಕ್ಕೆ ಬಿ ಗ್ರೇಡ್ ಬೇಕು. ಆ ಬರವಣಿಗೆ ಎಂದರೆ ಕೇಸ್ ನೋಟ್ಸ್ ನೋಡಿ 180ರಿಂದ 200 ಪದದ ಒಂದು ಪತ್ರ. ನೋಟ್ಸಿನಲ್ಲಿದ್ದುದನ್ನೆಲ್ಲ ತುಂಬಿದರೆ ಅಂಕ ಕಳೆಯುತ್ತಾರೆ. ಪತ್ರ ಓದುವವರಿಗೆ ಬೇಕಾದದ್ದನ್ನು ಮಾತ್ರ ಆರಿಸಬೇಕು. ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಅನ್ನು ಬೆಂಗಳೂರಿನಲ್ಲೇ ಬರೆಯಬಹುದು, ಪಾಸಾದರೂ ವೀಸಾದ ಸಾಲು ಉದ್ದ.

ಹಾಗಾದರೆ ಎಂ.ಎಸ್ಸಿ. ಯಾರಿಗೆ? ಕಲಿಸುವುದು ನಿಜಕ್ಕೂ ಇಷ್ಟವಿರುವವರಿಗೆ. ಬೋಧನೆಯಲ್ಲಿ ಬಡ್ತಿಗೆ ಅದು ಬೇಕೇ ಬೇಕು. ರೋಗಿಯ ಹತ್ತಿರವೇ ಇರಬೇಕು ಅನ್ನುವವರು ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ (ತೀವ್ರ ನಿಗಾ ರೋಗಿಗಳ ಆರೈಕೆ) ಕೋರ್ಸನ್ನೋ, ಮನೋರೋಗದ ಕಡೆ ಒಲವಿದ್ದರೆ ನಿಮ್ಹಾನ್ಸ್‌ನ ಒಂದು ವರ್ಷದ ಡಿಪ್ಲೊಮಾವನ್ನೋ ನೋಡಿ. ಕೆಲಸ ಸಿಗದೆ ಕಾಲ ಕಳೆಯಲು ಮಾಡುವ ಎಂ.ಎಸ್ಸಿ. ನನಗೆ ಸರಿ ಕಾಣುವುದಿಲ್ಲ.

ಇನ್ನು ಕಾಗದಪತ್ರ, ನಮ್ಮ ಕಡೆಯವರು ಸಿಕ್ಕಿಬೀಳುವುದೇ ಇಲ್ಲಿ. ಅಂಕಪಟ್ಟಿಯಲ್ಲಿ 'ಕಾವ್ಯ ಎಚ್.ಆರ್.' ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ, ಗಲ್ಫ್ ದೇಶಗಳಿಗೆ ಡೇಟಾಫ್ಲೋ ಎಂಬ ಸಂಸ್ಥೆ ಮಾಡುವ ದಾಖಲೆ ಪರಿಶೀಲನೆಯಲ್ಲಿ ಎರಡೂ ತಾಳೆಯಾಗದೆ ಫೈಲು ನಿಲ್ಲುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಡಿ. ಅನುಭವ ಪತ್ರ ಲೆಟರ್‌ಹೆಡ್ಡಿನಲ್ಲಿರಲಿ. ಸೇರಿದ, ಬಿಟ್ಟ ದಿನಾಂಕ, ಹುದ್ದೆ, ವಿಭಾಗ, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂಬುದು ಎಲ್ಲ ಇರಬೇಕು. ಪರಿಶೀಲಿಸುವವರು ನೇರ ಆಸ್ಪತ್ರೆಗೇ ಇಮೇಲ್ ಮಾಡುತ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಅದಕ್ಕೆ ಉತ್ತರಿಸುವವರೇ ಇಲ್ಲದಿದ್ದರೆ ನಿಮ್ಮ ಎರಡು ವರ್ಷ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೇ ಕೆಲಸಕ್ಕೆ ಸೇರುವ ಮುಂಚೆ ಅಲ್ಲಿ ಎಚ್‌ಆರ್ ವಿಭಾಗ ಇದೆಯೇ ಎಂದು ಕೇಳಿ.