ಮೈನಸ್ 15ರಲ್ಲಿ ವಾಕಿಂಗ್ ಹೋಗಬಹುದಾ?

ದಾವಣಗೆರೆಯಲ್ಲಿ ದಿನಾ ವಾಕಿಂಗ್ ಮಾಡುತ್ತಿದ್ದೆ, ಇಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೈನಸ್ 15 ಡಿಗ್ರಿ ಸೆಲ್ಸಿಯಸ್, ಟ್ರೆಡ್‌ಮಿಲ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನಾನೂ ಇಲ್ಲಿಗೆ ಬಂದ ಹೊಸತರಲ್ಲಿ ಚಳಿ ಜಾಸ್ತಿ ಇದ್ದರೆ ಮನೆಯಲ್ಲಿ, ಕಮ್ಮಿಯಾದರೆ ಹೊರಗೆ ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕವೇ ನನ್ನ ಭುಜ ಮುರಿಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಸಿಲು ಬಂದು ಸೊನ್ನೆ ದಾಟಿತು. ಮಾಡಿನ ಮೇಲಿದ್ದ ಹಿಮ ಕರಗಿ ಫುಟ್‌ಪಾತ್ ತುಂಬಾ ನೀರು. ರಾತ್ರಿ ಆ ನೀರೆಲ್ಲ ಐಸ್ ಆಯಿತು. ಬೆಳಗಿನ ಜಾವ ಅದರ ಮೇಲೆ ಜರಡಿ ಹಿಡಿದ ಹಿಟ್ಟಿನ ಹಾಗೆ ತೆಳ್ಳಗೆ ಹಿಮ ಬಿತ್ತು. ಐಸ್ ಕಾಣಿಸಲೇ ಇಲ್ಲ. ಇವತ್ತು ಅಷ್ಟೇನೂ ಚಳಿ ಇಲ್ಲವಲ್ಲ ಅಂತ ಗ್ಲೌಸ್ ಬಿಟ್ಟು ಹೊರಟೆ. ಗ್ಲೌಸ್ ಇಲ್ಲದ್ದಕ್ಕೆ ಎರಡೂ ಕೈ ಜೇಬು ಸೇರಿದವು. ಕಾಲು ಜಾರಿದಾಗ ಅವು ಹೊರಗೆ ಬರಲೇ ಇಲ್ಲ, ಇಡೀ ಮೈಭಾರ ಎಡ ಭುಜದ ಮೇಲೆ ಬಿತ್ತು. ಗ್ಲೌಸ್ ಬೆರಳು ಬೆಚ್ಚಗಿರಲಿ ಅಂತ ಅಷ್ಟೇ ಅಲ್ಲ, ಕೈ ಹೊರಗಿರಲಿ ಅಂತಲೂ ಹಾಕಬೇಕು. ತಿಂಗಳುಗಟ್ಟಲೆ ಜಡೆ ಹಾಕಿಕೊಳ್ಳಲೂ ಮಗಳನ್ನೇ ಕರೆಯಬೇಕಾಯಿತು.

ಮೈನಸ್ 15ರಲ್ಲಿ ಹೊಸ ಹಿಮ ಒಣಗಿರುತ್ತದೆ. ಹೆಜ್ಜೆ ಇಟ್ಟರೆ ಕರಕರ ಅನ್ನುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಕಿವಿ, ಮೂಗು ಮುಚ್ಚಿಕೊಂಡು ಆರಾಮಾಗಿ ನಡೆಯಿರಿ. ಗಾಳಿ ಜೋರಿದ್ದರೆ ಮಾತ್ರ ಬೇಡ. ಒಳಗೆ ಹತ್ತಿ ಬನಿಯನ್ ಹಾಕಬೇಡಿ, ಬೆವರು ಹೀರಿಕೊಂಡು ಮೈ ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ.

ಕೆಟ್ಟ ದಿನಗಳು ಅಂದರೆ ಸೊನ್ನೆಯ ಆಸುಪಾಸಿನವು. ಹೊರಡುವ ಮುಂಚೆ ಹಿಂದಿನ ಮಧ್ಯಾಹ್ನ ಎಷ್ಟಿತ್ತು ಅಂತ ನೋಡಿ. ಕರಗಿ ಮತ್ತೆ ಹೆಪ್ಪುಗಟ್ಟಿದೆ ಅನ್ನಿಸಿದರೆ ಆವತ್ತು ಡೌನ್‌ಟೌನ್ ಸ್ಕೈವೇಗೆ ಹೋಗಿ. ಕಟ್ಟಡದಿಂದ ಕಟ್ಟಡಕ್ಕೆ ಮೇಲಿನಿಂದಲೇ ಮುಚ್ಚಿದ ಸೇತುವೆಗಳಿವೆ, ಎಲ್ಲ ಸೇರಿ ಸುಮಾರು 15 ಕಿಲೋಮೀಟರ್. ಹೀಗಿರುವಾಗ ಟ್ರೆಡ್‌ಮಿಲ್ ಯಾಕೆ ಬೇಕು ಹೇಳಿ?

ಫುಟ್‌ಪಾತಿಗೆ ಐಸ್ ಕರಗಲಿ ಅಂತ ಉಪ್ಪು ಹಾಕಿದ್ದಾರಲ್ಲ ಅಂತ ಧೈರ್ಯ ಬೇಡ. ಮಾಮೂಲಿ ಉಪ್ಪು ಮೈನಸ್ 9ರಿಂದ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಮೈಕ್ರೋಸ್ಪೈಕ್ಸ್ ತಗೊಳ್ಳಿ. ಶೂ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಕಬ್ಬಿಣದ ಮುಳ್ಳು. ಅಂಗಡಿಯೊಳಗೆ ಕಾಲಿಡುವ ಮುಂಚೆ ಬಾಗಿಲಲ್ಲೇ ಬಿಚ್ಚಿ. ಟೈಲ್ಸ್ ಮೇಲೆ ಅವೇ ಜಾರುತ್ತವೆ.